ಒಂಟಿ ಕೋಶ ಪ್ರಾಣಿಯಾದದ್ದು ಹೇಗೆ? ಪರಸಿ ಕಲ್ಲಿನಲ್ಲಿ ಉತ್ತರ ಸಿಗಲ್ಲ

ಶಹಾಬಾದ್ ಪರಸಿಯನ್ನು, ಅಂದರೆ ನೆಲಕ್ಕೆ ಹಾಸುವ ಸುಣ್ಣದ ಕಲ್ಲನ್ನು, ಸೀಳಿದಾಗ ಕೆಲವೊಮ್ಮೆ ಒಳಗೆ ಜರಿಗಿಡದಂತೆ ಕವಲೊಡೆದ ಕಪ್ಪು ಗೆರೆಗಳು ಕಾಣುತ್ತವೆ. ಇದರ ಫೋಟೊ ತೆಗೆದು "ಸರ್, ಪಳೆಯುಳಿಕೆ ಸಿಕ್ಕಿದೆ ನೋಡ್ರಿ" ಎಂದು ವಾಟ್ಸಾಪ್‌ನಲ್ಲಿ ಕಳಿಸುವವರು ಕಲಬುರಗಿ ಕಡೆ ಕಡಿಮೆಯೇನಿಲ್ಲ. ಅದು ಗಿಡವಲ್ಲ. ಕಲ್ಲಿನ ಸಂದಿಗೆ ಇಳಿದ ನೀರು ಬಿಟ್ಟುಹೋದ ಮ್ಯಾಂಗನೀಸ್ ಮತ್ತು ಕಬ್ಬಿಣದ ಆಕ್ಸೈಡ್. ಆದರೆ ಅವರ ಪ್ರಶ್ನೆ ಮಾತ್ರ ಸರಿಯಾಗೇ ಇದೆ: ಪರಸಿ ಹುಟ್ಟಿದ್ದು ಸಮುದ್ರದ ತಳದಲ್ಲಿ ಅಂತೀರಿ, ಹಾಗಾದರೆ ಅದರಲ್ಲಿ ಒಂದು ಶಂಖವಾಗಲಿ ಚಿಪ್ಪಾಗಲಿ ಯಾಕಿಲ್ಲ?

ಯಾಕಿಲ್ಲ ಅಂದರೆ, ಆಗ ಶಂಖ ಮಾಡುವ ಪ್ರಾಣಿಗಳೇ ಇರಲಿಲ್ಲ.

ಶಹಾಬಾದ್, ವಾಡಿ, ಸೇಡಂ, ಚಿತ್ತಾಪುರದ ಸುತ್ತ ಖಣಿಗಳಲ್ಲಿ ಸಿಗುವ ಸುಣ್ಣದ ಕಲ್ಲನ್ನು ಭೂವಿಜ್ಞಾನಿಗಳು ಭೀಮಾ ಜಲಾನಯನದ ಪದರಗಳು ಎನ್ನುತ್ತಾರೆ. ಆಳವಿಲ್ಲದ ಸಮುದ್ರದಲ್ಲಿ ಸುಣ್ಣದ ಕೆಸರು ಪದರ ಪದರವಾಗಿ ಕೂತು ಗಟ್ಟಿಯಾದದ್ದು ಇದು. ನಿಖರ ವಯಸ್ಸಿನ ಬಗ್ಗೆ ಅವರಲ್ಲೇ ಜಗಳವಿದೆ. ಆದರೂ ಸಾಮಾನ್ಯವಾಗಿ ಇದನ್ನು ನಿಯೋಪ್ರೊಟೆರೊಜೊಯಿಕ್ ಯುಗಕ್ಕೆ ಸೇರಿಸುತ್ತಾರೆ. ಅಂದರೆ ಇಂದಿನಿಂದ 100 ಕೋಟಿ ಮತ್ತು 54 ಕೋಟಿ ವರ್ಷಗಳ ಹಿಂದಿನ ನಡುವಿನ ಅವಧಿ. ಈ ಪದರಗಳ ನಡುವಿನ ಹಾಲ್ಕಲ್ ಶೇಲ್ ಎಂಬ ಜೇಡಿಗಲ್ಲಿನಲ್ಲಿ ನಿಜವಾದ ಪಳೆಯುಳಿಕೆಗಳು ಸಿಕ್ಕಿವೆ. ಚುವಾರಿಯಾ ಎಂಬ ಚಿಕ್ಕ ದುಂಡನೆಯ ಕರಿ ಚುಕ್ಕೆಗಳು, ಟವುಯಿಯಾ ಎಂಬ ಉದ್ದನೆಯ ಗುರುತುಗಳು. ನೋಡಿದರೆ ಯಾರೂ ಫೋಟೊ ತೆಗೆಯಲ್ಲ, ಮಸಿ ಬಿದ್ದಿದೆ ಅಂದುಕೊಳ್ಳುತ್ತಾರೆ. ಹೆಚ್ಚಿನವರು ಇವನ್ನು ಯಾವುದೋ ಪಾಚಿ ಜಾತಿ ಎಂದೇ ಭಾವಿಸುತ್ತಾರೆ. ಪ್ರಾಣಿಯಂತೂ ಅಲ್ಲ.

ಇನ್ನೊಂದು ವಿಷಯ. ಯಾದಗಿರಿ ಕೋಟೆ ನಿಂತಿರುವ ಗುಡ್ಡದ ಗ್ರಾನೈಟ್ ಸುಮಾರು 250 ಕೋಟಿ ವರ್ಷ ಹಳೆಯದು. ಅದರ ಮೇಲೆ ಪರಸಿ. ಕಲಬುರಗಿ ದಾಟಿ ಬೀದರ್ ಕಡೆ ಹೋದರೆ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದ ಕಪ್ಪು ಕಲ್ಲು, ಅದರ ಮೇಲೆ ಕೆಂಪು ಜಂಬಿಟ್ಟಿಗೆ. ಪರಸಿಗೂ ಲಾವಾಕ್ಕೂ ನಡುವೆ ನಮ್ಮ ನೆಲದಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. ಮೀನು, ಕಪ್ಪೆ, ಡೈನೋಸಾರು, ಎಲ್ಲ ಆ ಖಾಲಿ ಜಾಗದಲ್ಲೇ ಬಂದುಹೋದವು. ಪ್ರಾಣಿ ಎಂಬ ಜೀವಿ ಮೊದಲು ಕಾಣಿಸಿಕೊಂಡ ಅಧ್ಯಾಯದ ಹಾಳೆಗಳು ಈ ಮೂರು ಜಿಲ್ಲೆಗಳಲ್ಲಿ ಹರಿದುಹೋಗಿವೆ ಅಥವಾ ಬರೆದೇ ಇಲ್ಲ.

ಹಾಗಂತ ಬೇರೆ ಕಡೆ ಕಲ್ಲು ಎಲ್ಲ ಹೇಳಿಬಿಡುತ್ತದೆ ಅಂತಲೂ ಅಲ್ಲ. ಭೀಮ್‌ಬೇಟ್ಕಾದಲ್ಲಿ ಆದದ್ದನ್ನೇ ನೋಡಿ. ಮಧ್ಯಪ್ರದೇಶದ ಆ ಗುಹೆಯ ಗೋಡೆಯ ಮೇಲೆ ಡಿಕಿನ್ಸೋನಿಯಾ ಎಂಬ ಅತಿ ಹಳೆಯ ಪ್ರಾಣಿಯ ಅಚ್ಚು ಸಿಕ್ಕಿದೆ ಎಂದು 2021ರಲ್ಲಿ ಒಂದು ಪ್ರಬಂಧ ಬಂತು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ವಿಂಧ್ಯ ಕಲ್ಲುಗಳ ವಯಸ್ಸನ್ನೇ ಇದರ ಮೇಲೆ ಲೆಕ್ಕ ಹಾಕಲು ಶುರುವಾಯಿತು. ಫ್ಲಾರಿಡಾ ವಿಶ್ವವಿದ್ಯಾಲಯದ ಜೋಸೆಫ್ ಮೀರ್ಟ್ ತಂಡ ಆಮೇಲೆ ಅಲ್ಲಿಗೆ ಹೋಗಿ ನೋಡಿದರೆ, ಆ 'ಪ್ರಾಣಿ' ಗೋಡೆಯಿಂದ ಕಳಚಿ ಬೀಳುತ್ತಿತ್ತು. ಅದು ಹೆಜ್ಜೇನಿನ ಹಳೆಯ ಗೂಡಿನ ಅವಶೇಷ. 2023ರಲ್ಲಿ ಇದು ಪ್ರಕಟವಾಯಿತು, ಮೊದಲು ಬರೆದವರೂ ಒಪ್ಪಿಕೊಂಡರು. ನನಗೆ ಇದರಲ್ಲಿ ನಗುವಂಥದ್ದು ಏನೂ ಕಾಣಿಸಲ್ಲ. ಈ ಕ್ಷೇತ್ರದಲ್ಲಿ ಸಾಕ್ಷಿ ಎಷ್ಟು ತೆಳ್ಳಗಿರುತ್ತದೆ ಎಂದರೆ ನುರಿತ ಕಣ್ಣೂ ಜೇನುಗೂಡಿಗೆ ಮೋಸ ಹೋಗುತ್ತದೆ. ನಮ್ಮ ವಾಟ್ಸಾಪ್ ಗೆಳೆಯರು ಮ್ಯಾಂಗನೀಸ್ ಗೆರೆಗೆ ಮೋಸ ಹೋದರೆ ಆಶ್ಚರ್ಯವೇನು?

ಗಟ್ಟಿ ಸಾಕ್ಷಿ ಇರುವುದು ಎಡಿಯಾಕರನ್ ಕಾಲದಿಂದ, ಅಂದರೆ ಸುಮಾರು 63.5 ಕೋಟಿಯಿಂದ 54 ಕೋಟಿ ವರ್ಷಗಳ ಹಿಂದಿನ ಅವಧಿಯಿಂದ. 1946ರಲ್ಲಿ ರೆಗ್ ಸ್ಪ್ರಿಗ್ ಎಂಬ ಭೂವಿಜ್ಞಾನಿ ಆಸ್ಟ್ರೇಲಿಯಾದ ಎಡಿಯಾಕರ ಬೆಟ್ಟಗಳಲ್ಲಿ ಮೆತ್ತನೆಯ ದೇಹದ ಜೀವಿಗಳ ಅಚ್ಚುಗಳನ್ನು ಕಂಡರು. 1956ರಲ್ಲಿ ಇಂಗ್ಲೆಂಡಿನ ಚಾರ್ನ್‌ವುಡ್‌ನಲ್ಲಿ ಟೀನಾ ನೇಗಸ್ ಎಂಬ ಶಾಲಾ ಹುಡುಗಿ ಕಲ್ಲಿನಲ್ಲಿ ಎಲೆಯಂಥ ಗುರುತು ನೋಡಿ ಟೀಚರ್‌ಗೆ ಹೇಳಿದಳು. ಅಷ್ಟು ಹಳೆಯ ಕಲ್ಲಿನಲ್ಲಿ ಪಳೆಯುಳಿಕೆ ಇರಲು ಸಾಧ್ಯವಿಲ್ಲ ಅಂದುಬಿಟ್ಟರು. ಮರುವರ್ಷ ರೋಜರ್ ಮೇಸನ್ ಎಂಬ ಹುಡುಗ ಅದನ್ನೇ ಕಂಡ, ಅವನ ಮಾತು ತಜ್ಞರವರೆಗೆ ಮುಟ್ಟಿತು, ಆ ಜೀವಿಯ ಹೆಸರಿನಲ್ಲಿ ಇವತ್ತು ಅವನೂ ಇದ್ದಾನೆ: ಚಾರ್ನಿಯಾ ಮೇಸೋನಿ. ಹುಡುಗಿಯ ಮಾತು ಯಾರೂ ಕೇಳಲಿಲ್ಲ ಅಷ್ಟೇ.

ಆದರೆ ಇವು ಪ್ರಾಣಿಗಳೇ ಅಂತ ಹೇಳೋದು ಹೇಗೆ? ಬಾಯಿಲ್ಲ, ಕಾಲಿಲ್ಲ, ಹೊಟ್ಟೆಯಿಲ್ಲ. ಕಲ್ಲುಹೂವು ಅಂದವರಿದ್ದಾರೆ, ಪ್ರಾಣಿಯೂ ಅಲ್ಲ ಸಸ್ಯವೂ ಅಲ್ಲ ಅಂದವರಿದ್ದಾರೆ. 2018ರಲ್ಲಿ ಇಲ್ಯಾ ಬೊಬ್ರೊವ್‌ಸ್ಕಿ ಮತ್ತು ಸಂಗಡಿಗರು ರಷ್ಯಾದ ಶ್ವೇತ ಸಮುದ್ರದ ದಂಡೆಯಿಂದ ಸುಮಾರು 55.8 ಕೋಟಿ ವರ್ಷ ಹಳೆಯ ಡಿಕಿನ್ಸೋನಿಯಾ ತಂದು, ಅದರಲ್ಲಿ ಉಳಿದ ಕೊಬ್ಬಿನ ಅಣುಗಳನ್ನು ಪರೀಕ್ಷಿಸಿದರು. ಸಿಕ್ಕಿದ್ದು ಬಹುಪಾಲು ಕೊಲೆಸ್ಟೆರಾಲ್‌ನ ಅವಶೇಷ. ಹಸಿರು ಪಾಚಿ, ಶಿಲೀಂಧ್ರಗಳ ಕೊಬ್ಬು ಬೇರೆ ಥರ ಇರುತ್ತದೆ. ಹಾಗಾಗಿ ಡಿಕಿನ್ಸೋನಿಯಾ ಪ್ರಾಣಿಯೇ ಎಂದು ಹೆಚ್ಚಿನವರು ಒಪ್ಪಿದರು. ಡಾಕ್ಟರ್ ಕಡಿಮೆ ಮಾಡಿ ಅನ್ನುವ ಅದೇ ಕೊಲೆಸ್ಟೆರಾಲ್ ಇಲ್ಲಿ ಸಾಕ್ಷಿ ಹೇಳಿತು.

ಅದಕ್ಕೂ ಹಿಂದಕ್ಕೆ ಹೋದರೆ ಮಬ್ಬು. ಒಮಾನ್ ದೇಶದ 63.5 ಕೋಟಿ ವರ್ಷಕ್ಕೂ ಹಳೆಯ ಪದರಗಳಲ್ಲಿ ಸ್ಪಂಜು ಎಂಬ ನೀರಿನ ಸರಳ ಪ್ರಾಣಿಯ ಮೈಯಲ್ಲಿ ತಯಾರಾಗುವಂಥ ಕೊಬ್ಬಿನ ಅಣುಗಳಿವೆ ಎಂದು 2009ರಲ್ಲಿ ಒಂದು ತಂಡ ಹೇಳಿತು. ಪಾಚಿಯಿಂದಲೂ ಅವು ಬಂದಿರಬಹುದು ಎಂದು ಇನ್ನೊಂದು ಗುಂಪು. ಕೆನಡಾದ 89 ಕೋಟಿ ವರ್ಷ ಹಳೆಯ ದಿಬ್ಬದಲ್ಲಿ ಸ್ಪಂಜಿನ ಬಲೆಯಂಥ ರಚನೆ ಕಂಡಿದ್ದೇನೆ ಎಂದು 2021ರಲ್ಲಿ ಎಲಿಜಬೆತ್ ಟರ್ನರ್ ಬರೆದರು. ಅದಿನ್ನೂ ವಾದದಲ್ಲಿದೆ. ಸರಿಯಾಗಿದ್ದರೆ ನಮ್ಮ ಪರಸಿಯ ಯುಗದಲ್ಲೇ ಎಲ್ಲೋ ಸ್ಪಂಜುಗಳಿದ್ದವು ಅಂತಾಯಿತು. ನಾನು ಮಾತ್ರ ಇದಕ್ಕೆ ಸದ್ಯಕ್ಕೆ ದುಡ್ಡು ಕಟ್ಟಲ್ಲ.

ಕಲ್ಲು ಇಲ್ಲಿಗೆ ಕೈಬಿಡುತ್ತದೆ. ಮುಂದಿನ ಸಾಕ್ಷಿ ಬದುಕಿರುವ ಜೀವಿಗಳಲ್ಲೇ ಇದೆ, ನನಗೆ ಇದೇ ಹೆಚ್ಚು ಕುತೂಹಲದ ಭಾಗ.

ಕೊಯನೊಫ್ಲಾಜೆಲೇಟ್ ಎಂಬ ಒಂಟಿಕೋಶ ಜೀವಿಗಳಿವೆ. ಹೆಸರು ಉದ್ದ, ಜೀವಿ ಮಾತ್ರ ಒಂದು ಮಿಲಿಮೀಟರಿನ ನೂರನೇ ಒಂದು ಪಾಲಿಗಿಂತ ಚಿಕ್ಕದು. ಒಂದು ಬಾಲ, ಬಾಲದ ಬುಡದ ಸುತ್ತ ಸಣ್ಣ ಎಳೆಗಳ ಕೊರಳಪಟ್ಟಿ. ಬಾಲ ಬಡಿದಾಗ ನೀರು ಹರಿಯುತ್ತದೆ, ಬ್ಯಾಕ್ಟೀರಿಯಾಗಳು ಪಟ್ಟಿಗೆ ಸಿಕ್ಕಿಬೀಳುತ್ತವೆ, ಅದೇ ಊಟ. ಸಮುದ್ರದಲ್ಲಷ್ಟೇ ಅಲ್ಲ, ಸಿಹಿನೀರಿನಲ್ಲೂ ಇವು ಬದುಕುತ್ತವೆ. ಅಮರ್ಜಾ ಡ್ಯಾಮಿನ ನೀರನ್ನು ಒಳ್ಳೆಯ ಮೈಕ್ರೊಸ್ಕೋಪಿನಲ್ಲಿ ತಾಳ್ಮೆಯಿಂದ ಹುಡುಕಿದರೆ ಸಿಗುವ ಸಾಧ್ಯತೆ ಇದೆ. ಸ್ಪಂಜಿನ ಒಳಗೋಡೆಯ ಕೋಶಗಳೂ ಹೆಚ್ಚುಕಡಿಮೆ ಹೀಗೇ ಇರುತ್ತವೆ ಎಂಬುದನ್ನು 19ನೇ ಶತಮಾನದಲ್ಲೇ ಗಮನಿಸಿದ್ದರು. ಜೀನ್ ಲೆಕ್ಕ ಬಂದ ಮೇಲೆ ಖಾತ್ರಿಯಾಯಿತು: ಬದುಕಿರುವ ಜೀವಿಗಳಲ್ಲಿ ಪ್ರಾಣಿಗಳಿಗೆ ಅತಿ ಹತ್ತಿರದ ನೆಂಟರು ಇವೇ. ನೆಂಟರು ಅಂದೆ, ಅಜ್ಜ ಮುತ್ತಜ್ಜ ಅನ್ನಲಿಲ್ಲ. ನಾವು ಅವುಗಳಿಂದ ಬಂದಿಲ್ಲ. ಅವುಗಳಿಗೂ ನಮಗೂ ಒಬ್ಬರೇ ಪೂರ್ವಜರು, ಅಷ್ಟೇ.

2008ರಲ್ಲಿ ಮೊನೊಸೈಗಾ ಬ್ರೆವಿಕಾಲಿಸ್ ಎಂಬ ಕೊಯನೊಫ್ಲಾಜೆಲೇಟ್‌ನ ಇಡೀ ಜೀನೋಮ್, ಅಂದರೆ ಅದರ ಜೀನ್‌ಗಳ ಪೂರ್ತಿ ಸಂಗ್ರಹ, ಓದಿದರು. ಅಲ್ಲಿ ಒಂದು ವಿಚಿತ್ರ ಕಂಡಿತು. ನಮ್ಮ ದೇಹದಲ್ಲಿ ಕೋಶಕ್ಕೆ ಕೋಶ ಅಂಟಿಸುವ ಕ್ಯಾಡ್ಹೆರಿನ್ ಎಂಬ ಪ್ರೊಟೀನ್ ಗುಂಪು ಇದೆ. ಆ ಗುಂಪಿನ 23 ಜೀನ್‌ಗಳು ಈ ಒಂಟಿ ಜೀವಿಯಲ್ಲಿ ಇದ್ದವು. ಕೋಶಗಳ ನಡುವೆ ಸಂದೇಶ ದಾಟಿಸುವ ಟೈರೊಸಿನ್ ಕೈನೇಸ್‌ಗಳು ಮನುಷ್ಯನಲ್ಲಿ ಸುಮಾರು 90. ಇದರಲ್ಲಿ ಅದಕ್ಕಿಂತ ಜಾಸ್ತಿ. ಅಕ್ಕಪಕ್ಕ ಯಾರೂ ಇಲ್ಲದ ಜೀವಿಗೆ ಅಂಟು ಯಾಕೆ, ಸಂದೇಶ ಯಾಕೆ? ಬಹುಶಃ ಬ್ಯಾಕ್ಟೀರಿಯಾ ಹಿಡಿಯಲು, ಸುತ್ತಲಿನ ನೀರಿನಲ್ಲಿ ಏನಿದೆ ಎಂದು ತಿಳಿಯಲು. ಕ್ಯಾಪ್ಸಸ್ಪೋರಾ ಎಂಬ ಇನ್ನೊಂದು ಒಂಟಿಕೋಶ ಜೀವಿ ಬಸವನಹುಳುವಿನ ಮೈಯೊಳಗೆ ಇರುತ್ತದೆ. ಕೋಶ ಮತ್ತು ಅದರ ಸುತ್ತಲಿನ ಹಂದರವನ್ನು ಬೆಸೆಯುವ ಇಂಟೆಗ್ರಿನ್ ಅದರಲ್ಲೂ ಇದೆ.

ಹಾಗಾಗಿ ಪ್ರಾಣಿ ಹುಟ್ಟಲು ದಿಢೀರನೆ ಹೊಸ ಜೀನ್‌ಗಳ ರಾಶಿ ಬೇಕಿತ್ತು ಎಂಬ ಹಳೆಯ ಕಲ್ಪನೆ ನಿಲ್ಲಲ್ಲ. ಸಾಮಾನು ಬಹುಪಾಲು ಮೊದಲೇ ಇತ್ತು, ಬೇರೆ ಕೆಲಸಕ್ಕೆ. ಹೊಸ ಜೀನ್‌ಗಳು ಸೇರಿದ್ದು ನಿಜ, ಯಾವ ಜೀನ್ ಎಲ್ಲಿ ಯಾವಾಗ ಕೆಲಸ ಮಾಡಬೇಕು ಎಂಬ ನಿಯಂತ್ರಣ ಬೆಳೆದದ್ದೂ ನಿಜ. ಆದರೆ ಬುನಾದಿ ಹಳೆಯದು.

ಇನ್ನೂ ತಮಾಷೆಯ ಸಂಗತಿ ಅಮೆರಿಕದ ಬರ್ಕ್ಲಿಯ ನಿಕೋಲ್ ಕಿಂಗ್ ಅವರ ಪ್ರಯೋಗಶಾಲೆಯದು. ಸಾಲ್ಪಿಂಜೀಕಾ ರೊಸೆಟ್ಟಾ ಎಂಬ ಕೊಯನೊಫ್ಲಾಜೆಲೇಟ್ ಕೆಲವೊಮ್ಮೆ ಹೂವಿನ ಆಕಾರದ ಗುಂಪು ಕಟ್ಟುತ್ತದೆ. ಒಂದು ಕೋಶ ಒಡೆದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ, ಆದರೆ ಬಿಟ್ಟು ಹೋಗಲ್ಲ. ಲ್ಯಾಬಿನಲ್ಲಿ ಬೆಳೆಸುವಾಗ ಮಾತ್ರ ಇದು ಸುಲಭವಾಗಿ ಗುಂಪು ಕಟ್ಟುತ್ತಿರಲಿಲ್ಲ. ಆಂಟಿಬಯಾಟಿಕ್ ಹಾಕಿ ನೀರಿನ ಬ್ಯಾಕ್ಟೀರಿಯಾಗಳನ್ನು ಬದಲಾಯಿಸಿ ನೋಡಿದಾಗ ಗುಟ್ಟು ಹೊರಬಿತ್ತು. ಒಂದು ನಿರ್ದಿಷ್ಟ ಬ್ಯಾಕ್ಟೀರಿಯಾ ಬಿಡುಗಡೆ ಮಾಡುವ ಕೊಬ್ಬಿನಂಥ ಅಣು ತಾಗಿದರೆ ಸಾಕು, ಕೋಶಗಳು ಗುಂಪು ಕಟ್ಟುತ್ತವೆ. 2012ರಲ್ಲಿ ಇದು ಪ್ರಕಟವಾಯಿತು. ತಿನ್ನುವ ಊಟವೇ "ಕೂಡಿ ಇರಿ" ಎಂದು ಹೇಳಿದ ಹಾಗಾಯಿತು, ಅಲ್ವಾ? ಪ್ರಾಣಿಗಳ ಪೂರ್ವಜರಲ್ಲೂ ಹೀಗೇ ಆಯಿತು ಅಂತ ಇದರಿಂದ ಸಾಬೀತಾಗಲ್ಲ. ಆದರೆ ಅವು ಬ್ಯಾಕ್ಟೀರಿಯಾ ತುಂಬಿದ ಸಮುದ್ರದಲ್ಲೇ ಬೆಳೆದವು ಎಂಬುದನ್ನು ಮರೆತು ಯಾವ ಸಿದ್ಧಾಂತವನ್ನೂ ಕಟ್ಟಲಾಗಲ್ಲ.

ಗುಂಪು ಕಟ್ಟೋದು ಅಷ್ಟು ಕಷ್ಟವೂ ಅಲ್ಲ. ವಿಲಿಯಂ ರ‍್ಯಾಟ್‌ಕ್ಲಿಫ್ ಮತ್ತು ಮೈಕೆಲ್ ಟ್ರಾವಿಸಾನೊ ಬ್ರೆಡ್ಡಿಗೆ ಹಾಕುವ ಯೀಸ್ಟ್ ತೆಗೆದುಕೊಂಡು, ದಿನಾ ಟ್ಯೂಬಿನ ತಳಕ್ಕೆ ಬೇಗ ಇಳಿದವನ್ನು ಮಾತ್ರ ಮುಂದಕ್ಕೆ ಬೆಳೆಸಿದರು. ಭಾರ ಇದ್ದರೆ ಬೇಗ ಇಳಿಯುತ್ತದೆ, ಗುಂಪಾಗಿದ್ದರೆ ಭಾರ. 60 ದಿನದೊಳಗೆ ಹಿಮದ ಹರಳಿನ ಆಕಾರದ ಯೀಸ್ಟ್ ಗುಂಪುಗಳು ಬಂದವು. ಇದು 2012ರ ಮಾತು. ಪ್ರಯೋಗ ಮುಂದುವರಿದು 3000 ತಲೆಮಾರು ದಾಟಿದ ಮೇಲೆ ಗುಂಪುಗಳು ಮೊದಲಿಗಿಂತ 20,000 ಪಟ್ಟು ದೊಡ್ಡದಾಗಿ ಬರಿಗಣ್ಣಿಗೆ ಕಾಣುವಂತಾದವು. ಕೋಶಗಳು ಉದ್ದವಾಗಿ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾದವು. ಇನ್ನೊಂದು ಕಡೆ ಕ್ಲಾಮಿಡೊಮೊನಾಸ್ ಪಾಚಿಯ ಜೊತೆ ಅದನ್ನು ತಿನ್ನುವ ಪ್ಯಾರಮೀಸಿಯಂ ಬಿಟ್ಟರು. ಒಂದು ವರ್ಷದಲ್ಲಿ 5 ತಳಿಗಳಲ್ಲಿ 2 ಗುಂಪಾಗಿ ಬದುಕುವುದನ್ನು ರೂಢಿಸಿಕೊಂಡವು. ಬಾಯಿಗೆ ಹಿಡಿಸದಷ್ಟು ದೊಡ್ಡವಾದರೆ ಯಾರು ತಿಂತಾರೆ?

ಇಲ್ಲಿ ಆಮ್ಲಜನಕದ ಬಗ್ಗೆ ಒಂದು ಮಾತು. ಶಾಲೆ ಪುಸ್ತಕದಿಂದ ಯೂಟ್ಯೂಬ್‌ವರೆಗೆ ಎಲ್ಲರೂ ಹೇಳುವ ಕಥೆ, ಆಮ್ಲಜನಕ ಹೆಚ್ಚಿತು, ಆದ್ದರಿಂದ ಪ್ರಾಣಿಗಳು ಬಂದವು ಅಂತ. ಓಡಾಡುವ, ಬೇಟೆಯಾಡುವ ದೊಡ್ಡ ಪ್ರಾಣಿಗೆ ಆಮ್ಲಜನಕ ಬೇಕು, ಅದರಲ್ಲಿ ಅನುಮಾನವಿಲ್ಲ. ಆದರೆ ಮೇಲಿನ ಯೀಸ್ಟ್ ಪ್ರಯೋಗದಲ್ಲಿ ದೊಡ್ಡದಾದದ್ದು ಆಮ್ಲಜನಕ ಬಳಸದ ತಳಿಗಳು ಮಾತ್ರ. ಬಳಸುವ ತಳಿಗಳು ಸಣ್ಣದಾಗೇ ಉಳಿದವು. ಕಾರಣ ಸರಳ. ನೀರಿನಲ್ಲಿ ಆಮ್ಲಜನಕ ಸ್ವಲ್ಪವೇ ಇದ್ದಾಗ ಗುಂಪು ದೊಡ್ಡದಾದರೆ ಒಳಗಿನ ಕೋಶಗಳಿಗೆ ಅದು ಮುಟ್ಟಲ್ಲ, ಹೊರಗಿನವು ಬೆಳೆಯುತ್ತವೆ, ಒಳಗಿನವು ನರಳುತ್ತವೆ, ಸಣ್ಣಗಿರುವುದೇ ಲಾಭ. ಅಂದರೆ ಸ್ವಲ್ಪ ಆಮ್ಲಜನಕ ದೊಡ್ಡದಾಗುವುದಕ್ಕೆ ಅಡ್ಡಿಯೇ ಆಗಬಹುದು. ಯೀಸ್ಟ್ ಪ್ರಾಣಿಯಲ್ಲ, ಟ್ಯೂಬು ಸಮುದ್ರವಲ್ಲ, ಒಪ್ಪಿದೆ. ಆದರೂ ಒಂದೇ ಕಾರಣದ ಕಥೆಗಳನ್ನು ನಂಬುವ ಮುಂಚೆ ಇದನ್ನು ನೆನಪಿಟ್ಟರೆ ಒಳ್ಳೆಯದು.

ನನ್ನ ಪ್ರಕಾರ ನಿಜವಾದ ತೊಡಕು ಕೂಡುವುದರಲ್ಲಿಲ್ಲ. ಕೂಡಿ ಉಳಿಯುವುದರಲ್ಲಿದೆ. ಬಹುಕೋಶ ಜೀವನ ಭೂಮಿಯ ಮೇಲೆ ಬೇರೆ ಬೇರೆಯಾಗಿ 25ಕ್ಕೂ ಹೆಚ್ಚು ಸಲ ಹುಟ್ಟಿದೆ ಎಂದು ಅಂದಾಜು. ಹಲವು ಥರದ ಕೋಶಗಳಿರುವ ದೊಡ್ಡ, ಜಟಿಲ ದೇಹ ಮಾತ್ರ ಕೆಲವೇ ಸಲ: ಪ್ರಾಣಿ, ಸಸ್ಯ, ಶಿಲೀಂಧ್ರ, ಕೆಂಪು ಮತ್ತು ಕಂದು ಪಾಚಿ. ಕೂಡು ಕುಟುಂಬ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಣ್ಣತಮ್ಮಂದಿರು ಒಂದೇ ಮನೆಯಲ್ಲಿ ಹುಟ್ಟುವುದು ಸುಲಭ, ತೊಗರಿ ರಾಶಿ ಮನೆಗೆ ಬಂದಾಗ ಹಂಚಿಕೆ ಮಾಡಿಕೊಂಡು ಒಂದೇ ಒಲೆಯಲ್ಲಿ ಉಣ್ಣುವುದು ಕಷ್ಟ. ಗುಂಪಿನ ಒಂದು ಕೋಶ ದುಡಿಯದೆ ತಿಂದು ತನ್ನ ಸಂತಾನ ಮಾತ್ರ ಬೆಳೆಸಿದರೆ ಅದಕ್ಕೇ ಲಾಭ, ಗುಂಪಿಗೆ ನಷ್ಟ.

ಪ್ರಾಣಿಗಳು ಇದಕ್ಕೆ ಕಂಡುಕೊಂಡ ದೊಡ್ಡ ಉಪಾಯ, ಪ್ರತಿ ತಲೆಮಾರನ್ನೂ ಒಂದೇ ಕೋಶದಿಂದ ಶುರು ಮಾಡುವುದು. ಅಂಡ ಮತ್ತು ವೀರ್ಯ ಸೇರಿ ಒಂದು ಕೋಶ, ಅದರಿಂದ ಇಡೀ ದೇಹ. ಮನುಷ್ಯನಲ್ಲಿ ಸುಮಾರು 30 ಲಕ್ಷ ಕೋಟಿ ಕೋಶಗಳು. ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ಜೀನೋಮ್. ಚರ್ಮದ ಕೋಶ ಸತ್ತರೂ ಅದರ ಜೀನ್‌ಗಳು ಅಂಡದಲ್ಲೋ ವೀರ್ಯದಲ್ಲೋ ಮುಂದೆ ಹೋಗುತ್ತವೆ, ಆದ್ದರಿಂದ ಸಾಯುವುದರಲ್ಲಿ ಅದಕ್ಕೆ ನಷ್ಟವಿಲ್ಲ. ಇದು ಮುರಿದಾಗ ಬರುವುದೇ ಕ್ಯಾನ್ಸರ್. ಒಂದು ಕೋಶ ಗುಂಪಿನ ಕಟ್ಟಳೆ ಬಿಟ್ಟು ತಾನೇ ಬೆಳೆಯುತ್ತದೆ. ಗಡ್ಡೆಗಳಲ್ಲಿ ಒಂಟಿಕೋಶ ಕಾಲದ ಹಳೆಯ ಜೀನ್‌ಗಳ ಕೆಲಸ ಜೋರಾಗುವುದು, ಬಹುಕೋಶ ಬದುಕಿನೊಂದಿಗೆ ಬಂದ ಜೀನ್‌ಗಳ ಹಿಡಿತ ಸಡಿಲವಾಗುವುದು ಅಧ್ಯಯನಗಳಲ್ಲಿ ಕಂಡಿದೆ. ಕೆಟ್ಟ ಕೋಶವನ್ನು ತಡೆದು ನಿಲ್ಲಿಸುವ ಪಿ53 ಪ್ರೊಟೀನಿನ ಜೀನ್ ಆನೆಯಲ್ಲಿ ಸುಮಾರು 20 ಪ್ರತಿಗಳಿವೆ, ನಮ್ಮಲ್ಲಿ ಒಂದೇ. ಅಷ್ಟು ದೊಡ್ಡ ಮೈಗೆ ಅಷ್ಟು ಕಾವಲು ಬೇಕಾಯಿತು ಅನ್ನಿಸುತ್ತದೆ. ಆ ಪಿ53 ಕುಟುಂಬದ ಮೂಲವನ್ನು ಹುಡುಕುತ್ತಾ ಹೋದರೂ ಸಿಗುವುದು ಕೊಯನೊಫ್ಲಾಜೆಲೇಟ್‌ಗಳಂಥ ಒಂಟಿಕೋಶ ಜೀವಿಗಳೇ.

ಗುಂಪಿನಲ್ಲಿ ಬೇರೆ ಬೇರೆ ಕೆಲಸದ ಕೋಶಗಳು ಬಂದದ್ದು ಹೇಗೆ? ಜರ್ಮನಿಯ ಜೀವವಿಜ್ಞಾನಿ ಹೆಕೆಲ್ 1874ರಲ್ಲಿ ಕೊಟ್ಟ ಚಿತ್ರ ಬಹುಕಾಲ ನಡೆಯಿತು. ಒಂದೇ ಥರದ ಕೋಶಗಳ ಟೊಳ್ಳು ಗೋಲ, ಅದು ಒಳಕ್ಕೆ ಮಡಚಿಕೊಂಡು ಹೊಟ್ಟೆ, ಆಮೇಲೆ ಕೆಲಸ ಹಂಚಿಕೆ. ಆದರೆ 1949ರಲ್ಲಿ ರಷ್ಯಾದ ಜಖ್ವಾಟ್ಕಿನ್ ಬೇರೆ ಮಾತು ಹೇಳಿದ್ದರು. ಒಂಟಿಕೋಶ ಜೀವಿ ತನ್ನ ಬದುಕಿನಲ್ಲೇ ಹಲವು ರೂಪ ತಾಳುತ್ತದೆ: ಈಜುವುದು, ತೆವಳುವುದು, ಚಿಪ್ಪಿನಲ್ಲಿ ಮಲಗುವುದು. ಒಂದಾದ ಮೇಲೆ ಒಂದು ಬರುತ್ತಿದ್ದ ಈ ರೂಪಗಳು ಒಂದೇ ದೇಹದಲ್ಲಿ ಏಕಕಾಲಕ್ಕೆ ಬಂದರೆ ಅದೇ ಪ್ರಾಣಿ ಎಂಬುದು ಅವರ ವಾದ. ಆಗ ಯಾರೂ ಜಾಸ್ತಿ ಕಿವಿಗೊಡಲಿಲ್ಲ. ಕ್ಯಾಪ್ಸಸ್ಪೋರಾದಂಥವು ತಮ್ಮ ಬದುಕಿನ ಹಂತಗಳಿಗೆ ತಕ್ಕಂತೆ ಜೀನ್‌ಗಳನ್ನು ಬದಲಾಯಿಸುವುದು ಕಂಡ ಮೇಲೆ ಈ ವಾದ ಮತ್ತೆ ಎದ್ದು ಕೂತಿದೆ. 2024ರಲ್ಲಿ ಜಿನೀವಾದ ಒಮಾಯಾ ದುದಿನ್ ತಂಡ ಕ್ರೊಮೊಸ್ಫೀರಾ ಪರ್ಕಿನ್ಸಿ ಎಂಬ ಜೀವಿಯನ್ನು ತೋರಿಸಿತು. ಹವಾಯಿಯ ಸಮುದ್ರದ ಕೆಸರಿನಲ್ಲಿ ಸಿಕ್ಕಿದ್ದು ಇದು, ಪ್ರಾಣಿಗಳ ವಂಶದಿಂದ 100 ಕೋಟಿ ವರ್ಷಕ್ಕೂ ಹಿಂದೆ ಬೇರೆಯಾದದ್ದು. ಇದರ ಒಂದು ಕೋಶ ದೊಡ್ಡದಾಗಿ ಬೆಳೆದು, ಆಮೇಲೆ ಬೆಳೆಯದೆ ಒಳಗೊಳಗೇ ಒಡೆಯುತ್ತಾ ಹೋಗುತ್ತದೆ. ನಮ್ಮ ಭ್ರೂಣದ ಮೊದಲ ದಿನಗಳಲ್ಲೂ ಆಗುವುದು ಇದೇ. ಕೊನೆಗೆ ಕನಿಷ್ಠ ಎರಡು ಥರದ ಕೋಶಗಳಿರುವ ಗುಂಪು. ಭ್ರೂಣದ ಈ ಆಟ ಪ್ರಾಣಿಗಳಿಗಿಂತ ಹಳೆಯದು, ಇಲ್ಲವೇ ಎರಡು ಕಡೆ ಬೇರೆ ಬೇರೆಯಾಗಿ ಬಂದಿದೆ. ಎರಡೂ ಸಾಧ್ಯ ಎಂದು ಆ ತಂಡವೇ ಹೇಳುತ್ತದೆ.

ಈಗ ಎಲ್ಲಕ್ಕಿಂತ ಬಿಸಿಯಾಗಿರುವ ಜಗಳ ಬೇರೆ. ಬದುಕಿರುವ ಪ್ರಾಣಿಗಳ ವಂಶವೃಕ್ಷದಲ್ಲಿ ಮೊದಲು ಕವಲೊಡೆದವರು ಯಾರು, ಸ್ಪಂಜುಗಳೋ ಕೋಂಬ್ ಜೆಲ್ಲಿಗಳೋ? ಸ್ಪಂಜಿಗೆ ನರವಿಲ್ಲ, ಸ್ನಾಯುವಿಲ್ಲ, ಹೊಟ್ಟೆಯಿಲ್ಲ. ಸಹಜವಾಗಿ ಅದೇ ಮೊದಲು ಅಂದುಕೊಂಡಿದ್ದರು. 2008ರಲ್ಲಿ ಕೇಸಿ ಡನ್ ತಂಡದ ಲೆಕ್ಕ ಕೋಂಬ್ ಜೆಲ್ಲಿಗಳ ಕಡೆ ಬೆರಳು ತೋರಿಸಿತು. ಇವು ಮೈಮೇಲಿನ ಬಾಚಣಿಗೆ ಸಾಲುಗಳನ್ನು ಬಡಿಯುತ್ತಾ ಈಜುವ ಗಾಜಿನಂಥ ಬೇಟೆಗಾರರು, ನರವೂ ಇದೆ ಸ್ನಾಯುವೂ ಇದೆ. 2023ರಲ್ಲಿ ಕ್ರೋಮೋಸೋಮುಗಳ ಮೇಲೆ ಜೀನ್‌ಗಳು ಕೂತ ಜಾಗವನ್ನೇ ಹೋಲಿಸಿದ ಇನ್ನೊಂದು ಅಧ್ಯಯನವೂ ಕೋಂಬ್ ಜೆಲ್ಲಿಗಳ ಪರ ಬಂತು. ಬಹಳ ಜನ ಮುಗಿಯಿತು ಅಂದರು. 2025ರಲ್ಲಿ ಜೇಕಬ್ ಸ್ಟೀನ್‌ವಿಕ್ ಮತ್ತು ನಿಕೋಲ್ ಕಿಂಗ್ ಅವರ ಅಧ್ಯಯನ ಮತ್ತೆ ಸ್ಪಂಜುಗಳ ಕಡೆ ತೂಗಿತು.

ಯಾರು ಮೊದಲು ಎಂಬುದು ಪಂದ್ಯದ ಸ್ಕೋರ್ ಅಂತ ಕಾಣಬಹುದು. ಆದರೆ ಇದರಿಂದ ಬದಲಾಗುವುದು ನರಮಂಡಲದ ಕಥೆ. ಸ್ಪಂಜು ಮೊದಲಾದರೆ ನರ ಆಮೇಲೆ ಒಮ್ಮೆ ಹುಟ್ಟಿತು ಅಂದರೆ ಸಾಕು. ಕೋಂಬ್ ಜೆಲ್ಲಿ ಮೊದಲಾದರೆ ನರ ಎರಡು ಸಲ ಹುಟ್ಟಿರಬೇಕು, ಇಲ್ಲವೇ ಮೊದಲ ಪ್ರಾಣಿಗಳಲ್ಲೇ ಇದ್ದು ಸ್ಪಂಜುಗಳು ಅದನ್ನು ಕಳೆದುಕೊಂಡಿರಬೇಕು. ಕೋಂಬ್ ಜೆಲ್ಲಿಗಳ ಎಳೆಯ ಹಂತದಲ್ಲಿ ಚರ್ಮದ ಕೆಳಗಿನ ನರಬಲೆ ನಮ್ಮಂತೆ ಬಿಡಿಬಿಡಿ ಕೋಶಗಳದ್ದಲ್ಲ, ಒಂದರೊಳಗೊಂದು ಬೆಸೆದುಕೊಂಡ ಎಳೆಗಳದ್ದು ಎಂದು 2023ರಲ್ಲೇ ಪಾವೆಲ್ ಬುರ್ಕಾರ್ಟ್ ತಂಡ ತೋರಿಸಿತ್ತು. ಎರಡು ಸಲ ಹುಟ್ಟಿತು ಅನ್ನುವವರಿಗೆ ಅದು ಬಲ ಕೊಡುತ್ತದೆ. ಸ್ಪಂಜೇ ಮೊದಲು ಎಂದು ಕೊನೆಗೆ ಗಟ್ಟಿಯಾದರೂ ಆ ಬೆಸೆದ ನರಬಲೆಗೆ ಯಾರಾದರೂ ಉತ್ತರ ಹೇಳಲೇಬೇಕು. ಹಾಗಾಗಿ ಈ ಜಗಳ ಮುಗಿಯಿತು ಎಂಬ ಸುದ್ದಿ ಮುಂದಿನ ಸಲ ಬಂದಾಗ ಯಾರು ಗೆದ್ದರು ಎಂಬ ಸಾಲು ಬಿಟ್ಟು, ಅದು ನರದ ಬಗ್ಗೆ ಏನು ಹೇಳುತ್ತದೆ ಎಂದು ನೋಡಿ.